ಜನವರಿ ಒಂದಕ್ಕೆ ಹುಟ್ಟಿದವರು

ನವೆಂಬರ್ ೬, ಗುರುವಾರ

ಬಂತು ಮೇಲಿನವರ ಪತ್ರ. ಹನ್ನೊಂದು ಪುಟ. ಮೊದಲ ನಾಲ್ಕು ಪುಟದ ತುಂಬ ನಮ್ಮ ಕೆಲಸದ ಹೊಗಳಿಕೆ. ಓದುತ್ತಿದ್ದಂತೆಯೇ ಗೊತ್ತಾಯಿತು, ಏನೋ ಗ್ರಹಚಾರ ಕಾದಿದೆ ಅಂತ. ಇಪ್ಪತ್ತೆರಡು ವರ್ಷದಲ್ಲಿ ಇವರು ಸುಮ್ಮಸುಮ್ಮನೆ ಹೊಗಳಿದ್ದನ್ನು ನಾನು ಕಂಡಿಲ್ಲ.

ಐದನೇ ಪುಟದಲ್ಲಿತ್ತು. ಜನವರಿ ಒಂದರಿಂದ ಮಕ್ಕಳ ಕಾರ್ಯಕ್ರಮ ಹದಿನೆಂಟು ತುಂಬುವ ತನಕ ಮಾತ್ರ. ಇಷ್ಟು ದಿನ ಇಪ್ಪತ್ತೊಂದರ ತನಕ ಇಟ್ಟುಕೊಳ್ಳುತ್ತಿದ್ದೆವು. ಇನ್ನು ಮೇಲೆ ಹದಿನೆಂಟು ತುಂಬಿದ ದಿನವೇ ದೊಡ್ಡವರ ಶಿಬಿರಕ್ಕೆ ರವಾನೆ. ಅದು ಇಲ್ಲಿಂದ ಬಸ್ಸಿನಲ್ಲಿ ಏಳು ಗಂಟೆಯ ದಾರಿ.

ಇದನ್ನು ಬರೆದ ಮಹಾನುಭಾವರಿಗೆ ಒಂದು ವಿಷಯ ಗೊತ್ತಿದ್ದಂತಿಲ್ಲ. ನಾನು ನೋಡಿಕೊಳ್ಳುವ ನಾಲ್ಕು ನಿರಾಶ್ರಿತರ ಶಿಬಿರಗಳ ಮಕ್ಕಳಲ್ಲಿ ಮುಕ್ಕಾಲು ಪಾಲು ಗಡಿ ದಾಟಿ ಬಂದಾಗ ಮೈಮೇಲಿನ ಬಟ್ಟೆ ಬಿಟ್ಟು ಬೇರೇನೂ ತಂದಿರಲಿಲ್ಲ. ಹುಟ್ಟಿದ ದಿನ ಯಾವುದು ಅಂದರೆ ಪಿಳಿಪಿಳಿ ನೋಡುತ್ತವೆ. ಫಾರಂನಲ್ಲಿ ಆ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ, ಮೊಂಡು ಹಿಡಿದು ಕೂತುಬಿಡುತ್ತದೆ. ಹಾಗಾಗಿ ಎಲ್ಲರಿಗೂ ಜನವರಿ ಒಂದು ಅಂತ ಹಾಕುತ್ತೇವೆ. ವರ್ಷ ಮಾತ್ರ ಅವರವರು ಹೇಳಿದ್ದು. ಪಾಪ, ಒಬ್ಬರಿಗೂ ಸ್ವಂತಕ್ಕೊಂದು ದಿನ ಇಲ್ಲವಲ್ಲ ಅಂತ ಏಳು ವರ್ಷದ ಹಿಂದೆ ನಾನೇ ಹೊಸ ವರ್ಷದ ಬೆಳಗ್ಗೆ ಎಲ್ಲರಿಗೂ ಒಟ್ಟಿಗೆ ಹುಟ್ಟುಹಬ್ಬ ಶುರು ಮಾಡಿದೆ. ಬಲೂನು, ಕೇಕು, ಕಿವಿ ಕಿತ್ತುಹೋಗುವಷ್ಟು ಗಲಾಟೆ.

ಈ ಸಲ ಅದೇ ಬೆಳಗ್ಗೆ ಹದಿನೆಂಟು ತುಂಬುವವರು ಅರವತ್ತೊಂದು ಮಂದಿ. ಪಟ್ಟಿ ತೆಗೆಸಿ ನೋಡಿದೆ. ಮೂವತ್ತೆಂಟನೇ ಸಾಲಿನಲ್ಲಿ ನಮ್ಮ ಯಜಮಾನಿ, ಹದಿನಾಲ್ಕನೇ ಕೋಣೆಯ ಹುಡುಗಿ.

ನವೆಂಬರ್ ೮, ಶನಿವಾರ

ರಜೆ. ನಮ್ಮವರು ಬೆಳಗ್ಗೆಯೇ ತಮ್ಮ ಕನ್ನಡಕದ ಅಂಗಡಿಗೆ ಹೋದರು. ಇಲ್ಲಾದರೂ ಬರೆದುಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಎರಡು ದಿನದಿಂದ ಊಟ ಸೇರುತ್ತಿಲ್ಲ.

ಎರಡು ವರ್ಷದ ಹಿಂದೆ, ನಾಲ್ಕೇ ದಿನದಲ್ಲಿ ಇನ್ನೂರು ಮಕ್ಕಳು ಬಂದ ವಾರ. ಗುಮಾಸ್ತರು ಸಾಲದೆ ನಾನೂ ನೋಂದಣಿ ಡೇರೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದೆ. ಒಂದು ಹುಡುಗಿ ಬಂದಳು. ಅವಳ ಅಂಗಿಯ ಅಂಚು ಹಿಡಿದುಕೊಂಡು ಆರು ವರ್ಷದ ತಮ್ಮ. ಅಪ್ಪ ಅಮ್ಮ? ಇಲ್ಲ. ಬೇರೆ ಯಾರಾದರೂ? ಇಲ್ಲ. ವಯಸ್ಸು? ಹದಿನಾಲ್ಕು. ಅಳಲಿಲ್ಲ, ಏನಿಲ್ಲ. ತಿರುಗಿ ನನ್ನನ್ನೇ ಪ್ರಶ್ನೆ ಕೇಳಿದಳು. ನೀರು ಎಷ್ಟು ಹೊತ್ತಿಗೆ ಬರುತ್ತೆ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಇವನನ್ನ ಶಾಲೆಗೆ ಯಾವಾಗ ಸೇರಿಸ್ಕೋತೀರಿ. ಬಾಡಿಗೆ ಮನೆ ನೋಡಲು ಬಂದವಳ ಹಾಗೆ. "ಏನಮ್ಮ ಯಜಮಾನಿ, ಮನೆ ಒಪ್ಪಿಗೆಯಾ?" ಅಂದೆ. ಆ ಹೆಸರೇ ನಿಂತುಹೋಯಿತು. ತಮ್ಮನಿಗೆ ಬಾಲ ಅಂತ ಇಟ್ಟಿದ್ದೂ ನಾನೇ, ಅಕ್ಕ ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಾನೆ ಅಂತ.

ನಿಯಮ ಏನೆಂದರೆ, ತಂದೆತಾಯಿ ಇಲ್ಲದ ಅಕ್ಕತಮ್ಮಂದಿರು ಒಂದೇ ಕೋಣೆಯಲ್ಲಿ ಇರಬೇಕಾದರೆ ದೊಡ್ಡವರಿಗೆ ಹದಿನಾರು ಆಗಿರಬೇಕು. ಹದಿನಾಲ್ಕು ಅಂದರೆ ಇವಳು ಹುಡುಗಿಯರ ನಿಲಯಕ್ಕೆ, ಅವನು ಯಾರದೋ ಸಾಕುಮನೆಗೆ. ನಾನು ಹದಿನಾರು ಅಂತ ಬರೆದೆ. ಒಂದು ನಿಮಿಷವೂ ಯೋಚಿಸಲಿಲ್ಲ. ಅದರ ಕೆಳಗೆ ಎರಡು ಚೌಕ ಇರುತ್ತವೆ: ವಯಸ್ಸು ಮಗು ಹೇಳಿದ್ದೋ, ಸಿಬ್ಬಂದಿ ಅಂದಾಜು ಮಾಡಿದ್ದೋ. ಮಗು ಹೇಳಿದ್ದು ಅನ್ನುವುದಕ್ಕೆ ಗುರುತು ಹಾಕಿದೆ. ಅವಳು ನೋಡಿದಳು. ಅಂಕಿ ಓದಲು ಬರುತ್ತಿತ್ತು, ಅರ್ಥವಾಯಿತು.

ಈಗ ಅವಳಿಗೆ ನಿಜಕ್ಕೂ ಹದಿನಾರು. ಕಾಗದದಲ್ಲಿ ಹದಿನೆಂಟಾಗಲಿದೆ. ಅವಳು ದೊಡ್ಡವರ ಶಿಬಿರಕ್ಕೆ ಹೋದರೆ ಬಾಲ ಸಾಕುಮನೆಗೆ. ತಮ್ಮನಿಗೆ ಕಾನೂನಿನ ಪೋಷಕಿಯಾಗಬೇಕಾದರೆ ಇಪ್ಪತ್ತೊಂದು ತುಂಬಿರಬೇಕು. ಆದರೆ ದಾರಿ ಇದೆ. ಸಿಬ್ಬಂದಿಯ ತಪ್ಪಿನಿಂದ ವಯಸ್ಸು ಹೆಚ್ಚುಕಡಿಮೆ ಆಗಿದ್ದರೆ, ಬರೆದವರು ಒಂದು ಪತ್ರ ಕೊಟ್ಟರೆ ತಿದ್ದುತ್ತಾರೆ. ಅವಳು ಹದಿನಾಲ್ಕು ಅಂದಳು, ನಾನು ಹದಿನಾರು ಬರೆದೆ. ಇಷ್ಟೇ. ಒಂದು ಪುಟ ಸಾಕು. ಇಬ್ಬರೂ ಇನ್ನೆರಡು ವರ್ಷ ಅದೇ ಕೋಣೆಯಲ್ಲಿ ಇರಬಹುದು.

ಸೋಮವಾರ ಹೋದ ತಕ್ಷಣ ಬರೆಯುತ್ತೇನೆ.

ನವೆಂಬರ್ ೧೧, ಮಂಗಳವಾರ

ಬರೆಯಲಿಲ್ಲ. ನಿನ್ನೆ ದಿನವಿಡೀ ಸಭೆ. ಇವತ್ತು ಬಿಡುವಿತ್ತು, ಕುರ್ಚಿಯಲ್ಲಿ ಕೂತೂ ಕೂತು ಎದ್ದೆ.

ಕಳೆದ ವರ್ಷ ಎರಡನೇ ಶಿಬಿರದ ಗುಮಾಸ್ತನೊಬ್ಬ ಒಬ್ಬ ಹುಡುಗನ ವಯಸ್ಸು ಎರಡು ವರ್ಷ ಕಡಿಮೆ ಮಾಡಿದ್ದ. ಹುಡುಗ ಇನ್ನಷ್ಟು ದಿನ ಶಾಲೆಯಲ್ಲಿ ಇರಲಿ ಅಂತ. ಒಂದು ಕಾಸು ತೆಗೆದುಕೊಂಡವನಲ್ಲ. ನಾನು ಅವನನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ಉಪದೇಶ ಮಾಡಿ ಮನೆಗೆ ಕಳಿಸಿದೆ. ಅವನು ನೆಲ ನೋಡುತ್ತ ನಿಂತಿದ್ದ. ಎಲ್ಲಾ ಸಿಬ್ಬಂದಿಯ ಎದುರಿಗೇ ಮಾಡಿದ್ದೆ, ಉಳಿದವರಿಗೆ ಪಾಠವಾಗಲಿ ಅಂತ. ಆಗ ನನ್ನ ಈ ವಿಷಯ ನೆನಪಿಗೆ ಬರಲಿಲ್ಲವೇ? ಬಂದಿತ್ತು. ಅದಕ್ಕೇ ಅಷ್ಟು ಜೋರು ಮಾಡಿದ್ದೆ ಅಂತ ಕಾಣುತ್ತದೆ.

ಅವನು ಈಗ ಯಾವುದೋ ಗೋದಾಮಿನಲ್ಲಿ ಚೀಟಿ ಬರೆಯುತ್ತಾನಂತೆ.

ನವೆಂಬರ್ ೧೯, ಬುಧವಾರ

ಅಕ್ಕತಮ್ಮಂದಿರ ಸಾಲಿಗೆ ಹೋಗಿದ್ದೆ. ಹದಿನಾಲ್ಕನೇ ಕೋಣೆ. ತಗಡಿನ ಚಾವಣಿ, ಎರಡು ಮಂಚ, ಒಂದೇ ಕಿಟಕಿ. ಆದರೆ ಒಪ್ಪ ಓರಣ ನೋಡಬೇಕು, ನನ್ನ ಮನೆಗೂ ಇಲ್ಲ. ಗೋಡೆಗೆ ಒಂದು ಹಾಳೆ ಅಂಟಿಸಿದ್ದಾಳೆ: ಏಳುವುದು, ಹಲ್ಲುಜ್ಜುವುದು, ಮಗ್ಗಿ, ಅಳಬಾರದು. ಕೊನೆಯದಕ್ಕೆ ಬಾಲ ಪೆನ್ಸಿಲಿನಲ್ಲಿ "ಭಾನುವಾರ ಬಿಟ್ಟು" ಅಂತ ಸೇರಿಸಿದ್ದಾನೆ. ನಕ್ಕು ನಕ್ಕು ಸಾಕಾಯಿತು.

"ದೊಡ್ಡಮ್ಮ, ಕೂತ್ಕೊಳ್ಳಿ," ಅಂತ ಮಂಚ ಒರೆಸಿದಳು. ಇಲ್ಲಿ ಎಲ್ಲರೂ ನನ್ನನ್ನು ಮೇಡಂ ಅನ್ನುತ್ತಾರೆ, ಇವರಿಬ್ಬರು ಮಾತ್ರ ದೊಡ್ಡಮ್ಮ. "ನಲ್ಲಿ ಹತ್ರ ಎಲ್ಲಾ ಒಂದೇ ಮಾತು. ಹದಿನೆಂಟಾದವರನ್ನ ಕಳಿಸಿಬಿಡ್ತಾರಂತೆ. ಹೌದಾ?"

"ನಲ್ಲಿ ಹತ್ರ ಮಾತಾಡೋರಿಗೆ ಬೇರೆ ಕೆಲಸ ಇಲ್ಲ."

"ಅಂದ್ರೆ ಸುಳ್ಳಾ?"

ಇವಳ ಹತ್ತಿರ ಹಾರಿಕೆಯ ಉತ್ತರ ನಡೆಯುವುದಿಲ್ಲ. "ನಾನಿದ್ದೀನಲ್ಲ," ಅಂದೆ.

ಬಾಲ ಏಳರ ಮಗ್ಗಿ ಒಪ್ಪಿಸಿದ. ಏಳೆಂಟ್ಲ ಹತ್ತಿರ ಸಿಕ್ಕಿಹಾಕಿಕೊಂಡು ಅಕ್ಕನ ಮುಖ ನೋಡಿದ. ಎಂಟು ವರ್ಷವಾದರೂ ಪ್ರತಿಯೊಂದಕ್ಕೂ ಅವಳ ಮುಖ ನೋಡುತ್ತಾನೆ. ಶೌಚಕ್ಕೆ ಹೋದರೂ ಅವಳು ಹೊರಗೆ ನಿಂತು ಹಾಡು ಹೇಳುತ್ತಿರಬೇಕಂತೆ, ದನಿ ನಿಂತರೆ ಎದ್ದು ಓಡಿಬರುತ್ತಾನಂತೆ. ಅವಳು ಅದನ್ನು ದೂರಿನ ಹಾಗೆ ಹೇಳಿದಳು, ಮುಖದಲ್ಲಿ ಮಾತ್ರ ಹೆಮ್ಮೆ.

ಬರುವಾಗ ಬಾಗಿಲ ತನಕ ಬಂದಳು. "ನೀವು ಬರೆದಿದ್ದು ನಾನು ಯಾರಿಗೂ ಹೇಳಿಲ್ಲ ದೊಡ್ಡಮ್ಮ. ಬಾಲನಿಗೂ ಹೇಳಿಲ್ಲ," ಅಂದಳು. ನಾನು ಕೇಳಿರಲಿಲ್ಲ.

ನಾಳೆ ಬರೆಯಲೇಬೇಕು.

ನವೆಂಬರ್ ೨೫, ಮಂಗಳವಾರ

ಬೇರೆ ಉಪಾಯ ಹೊಳೆದಿದೆ. ಮುಂಗೈ ಮೂಳೆಯ ಎಕ್ಸ್‌ರೇ ತೆಗೆಸಿದರೆ ವಯಸ್ಸು ತಿಳಿಯುತ್ತದೆ. ಹದಿನಾರು ಅಂತ ಡಾಕ್ಟರೇ ಬರೆದುಕೊಟ್ಟರೆ ಯಾರು ಏನು ಬರೆದರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಮೊದಲೇ ಯಾಕೆ ಹೊಳೆಯಲಿಲ್ಲವೋ! ಇವತ್ತೇ ಗಾಡಿ ಕೊಟ್ಟು ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆ. ಬಾಲ ತನ್ನ ಕೈಯದೂ ತೆಗೆಯಿರಿ ಅಂತ ಹಟ ಹಿಡಿದನಂತೆ.

ರಾತ್ರಿ ನಿದ್ದೆ ಚೆನ್ನಾಗಿ ಬರಬಹುದು.

ಡಿಸೆಂಬರ್ ೪, ಗುರುವಾರ

ಹದಿನಾರರಿಂದ ಹತ್ತೊಂಬತ್ತು. ಡಾಕ್ಟರ್ ಹೀಗೆ ಬರೆದಿದ್ದಾರೆ. ಇದನ್ನು ಹೇಳಲು ಡಾಕ್ಟರ್ ಬೇಕೇ? ನಮ್ಮ ಗೇಟಿನ ಕಾವಲುಗಾರನೂ ಹೇಳುತ್ತಿದ್ದ. ಇಂಥ ಅನುಮಾನದ ಸಂದರ್ಭದಲ್ಲಿ ಫಾರಂನಲ್ಲಿ ಇರುವುದೇ ಅಂತಿಮ.

ಅವಳ ಪರವಾಗಿ ತಿದ್ದುಪಡಿ ಅರ್ಜಿ ಹಾಕಿದ್ದೇನೆ. "ನೋಂದಣಿಯ ಸಮಯದಲ್ಲಿ ವಯಸ್ಸು ತಪ್ಪಾಗಿ ದಾಖಲಾಗಿರುವ ಸಾಧ್ಯತೆ ಇದ್ದು" ಅಂತ ಬರೆದೆ. ನಮ್ಮವರಿಗೆ ಓದಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂವತ್ತು ವರ್ಷದ ಸಂಸಾರದಲ್ಲಿ ಇದರ ಅರ್ಥ ನನಗೆ ಗೊತ್ತು.

"ತಾನಾಗೇ ದಾಖಲಾಯ್ತಾ?"

"ಸುಮ್ನಿರಿ. ನಿಮಗೇನು ಗೊತ್ತು ಕಚೇರಿ ವಿಷಯ."

"ಒಂದು ಪತ್ರ ತಾನೇ, ಬರೆದುಬಿಡೇ. ಹೆಚ್ಚಂದ್ರೆ ಏನಾಗುತ್ತೆ, ಕೆಲಸ ಹೋಗುತ್ತೆ. ಅಂಗಡೀಲಿ ಬಂದು ಕೂತ್ಕೋ, ಗಿರಾಕಿಗಳನ್ನ ಗದರಿಸೋಕೆ ನನಗೂ ಒಬ್ರು ಬೇಕು."

ನಗೆ ಬರಲಿಲ್ಲ, ರೇಗಿತು. ಹೋಗುವುದು ನನ್ನ ಕೆಲಸ ಒಂದೇ ಅಂದುಕೊಂಡಿದ್ದಾರೆ. ಆ ವಾರ ಬಂದ ಇನ್ನೂರು ಮಕ್ಕಳಲ್ಲಿ ತೊಂಬತ್ತಕ್ಕೆ ನನ್ನ ಸಹಿ ಇದೆ. ಒಂದು ಸುಳ್ಳು ಅಂತ ನಾನೇ ಹೇಳಿದರೆ ಉಳಿದ ಎಂಬತ್ತೊಂಬತ್ತನ್ನೂ ಅಗೆದು ನೋಡುತ್ತಾರೆ. ಅವರೆಲ್ಲರ ಗತಿ? ಇದು ನನ್ನೊಬ್ಬಳ ಹೆದರಿಕೆ ಅಲ್ಲ. ಇಷ್ಟು ಜನರ ಜವಾಬ್ದಾರಿ ತಲೆಯ ಮೇಲೆ ಇರುವವರಿಗೆ ಮಾತ್ರ ಇದು ಅರ್ಥವಾಗುವುದು.

ಡಿಸೆಂಬರ್ ೧೨, ಶುಕ್ರವಾರ

ಬಸ್ಸು ಗೊತ್ತುಮಾಡುವುದು, ದೊಡ್ಡವರ ಶಿಬಿರದಲ್ಲಿ ಮಂಚ ಹೊಂದಿಸುವುದು, ಶಾಲೆಯ ವರ್ಗಾವಣೆ ಪತ್ರಗಳು. ಅರವತ್ತೊಂದು ಮಂದಿಯ ಪೈಕಿ ಹದಿನೇಳು ಮಂದಿಗೆ ಚಿಕ್ಕ ತಮ್ಮತಂಗಿಯರಿದ್ದಾರೆ. ಅವರಿಗೆಲ್ಲ ಸಾಕುಮನೆ ಹುಡುಕಬೇಕು. ಬೆಳಗ್ಗೆಯಿಂದ ಫೋನು ಹಿಡಿದು ಹಿಡಿದು ಕಿವಿ ಕಾದ ಬಾಣಲೆಯಾಗಿದೆ.

ನಿರ್ದೇಶಕರು ಬಂದಿದ್ದರು. "ನೀವಿಲ್ಲದಿದ್ರೆ ಇದನ್ನ ಇಷ್ಟು ಸುಸೂತ್ರವಾಗಿ ಮಾಡೋಕೆ ಆಗ್ತಿರಲಿಲ್ಲ," ಅಂದರು. ಮುಗಿದ ಮೇಲೆ ಹುಟ್ಟುಹಬ್ಬದ ಫೋಟೋಗಳನ್ನೂ ಕಳಿಸಬೇಕಂತೆ.

ಆ ಹುಡುಗಿಯ ತಮ್ಮನಿಗೆ ಒಳ್ಳೆಯ ಮನೆ ಸಿಕ್ಕಿದೆ. ಊರಿನ ಅಂಚಿನಲ್ಲಿರುವ ಬಡಗಿ ಮತ್ತು ಅವನ ಹೆಂಡತಿ. ಮಕ್ಕಳಿಲ್ಲ. ಒಳ್ಳೆಯ ಜನ. ಬೇಕಾಗಲಿಕ್ಕಿಲ್ಲ, ಆದರೂ ಮುಂಜಾಗ್ರತೆಗೆ ಒಂದು ಕಡೆ ಹೇಳಿಟ್ಟಿದ್ದೇನೆ.

ಡಿಸೆಂಬರ್ ೧೬, ಮಂಗಳವಾರ

ಪತ್ರ ಇವತ್ತೂ ಇಲ್ಲ.

ಡಿಸೆಂಬರ್ ೧೯, ಶುಕ್ರವಾರ

ಸೋಮವಾರ ವಿಚಾರಣೆ. ನೋಂದಣಿ ಅಧಿಕಾರಿ ಬರುತ್ತಾರೆ, ನಿರ್ದೇಶಕರು ಬರುತ್ತಾರೆ. ನಾನು ಎರಡು ರೀತಿಯಲ್ಲಿ ಕೂರಬೇಕು. ಅರ್ಜಿ ಹಾಕಿದವಳೂ ನಾನೇ, ಮೂಲ ಫಾರಂ ತುಂಬಿದವಳೂ ನಾನೇ.

ಹುಡುಗಿಯನ್ನು ಕರೆಸಿದ್ದೆ. ವಿಚಾರಣೆಯಲ್ಲಿ ಏನು ಕೇಳುತ್ತಾರೆ, ಏನು ಹೇಳಬೇಕು ಅಂತ ತಿಳಿಸುವುದು ನಮ್ಮ ಕರ್ತವ್ಯ. ವಯಸ್ಸು ಹೇಳಿದ್ದು ಯಾರು ಅಂತ ಕೇಳುತ್ತಾರೆ. ಆ ಒಂದು ಪ್ರಶ್ನೆಯ ಮೇಲೆ ಎಲ್ಲಾ ನಿಂತಿದೆ. ನಾನು ಹದಿನಾಲ್ಕು ಅಂದೆ, ಅವರು ಹದಿನಾರು ಬರೆದರು ಅಂದರೆ ಅವಳು ಉಳಿಯುತ್ತಾಳೆ. ನಾನೇ ಹದಿನಾರು ಅಂದೆ ಅಂದರೆ ಮುಗಿಯಿತು, ಸ್ವಂತ ಬಾಯಿಂದ ಸುಳ್ಳು ಹೇಳಿದವರಿಗೆ ತಿದ್ದುಪಡಿ ಇಲ್ಲ.

ಇದನ್ನು ಅವಳಿಗೆ ಹೇಳಬೇಕಿತ್ತು. ಹೇಳುವುದೆಂದರೆ ನನ್ನ ಕಡೆ ಕೈ ತೋರಿಸು ಅಂತ ಹೇಳಿದ ಹಾಗೆ. ಬಾಯಿ ಬರಲಿಲ್ಲ. "ಹೆದರಬೇಡ, ಕೇಳಿದ್ದಕ್ಕೆ ಉತ್ತರ ಹೇಳು," ಅಂದೆ. "ಹೂಂ ದೊಡ್ಡಮ್ಮ," ಅಂದಳು. ಬಿಸ್ಕತ್ತು ಕೊಟ್ಟೆ. ಅರ್ಧ ತಿಂದು ಅರ್ಧ ಜೇಬಿಗೆ ಹಾಕಿಕೊಂಡಳು, ಬಾಲನಿಗೆ.

ಡಿಸೆಂಬರ್ ೨೨, ಸೋಮವಾರ

ಒಂದು ಉದ್ದ ಮೇಜು, ನಾಲ್ಕು ಕುರ್ಚಿ. ನಾನು ಕಿಟಕಿಯ ಕಡೆ. ಅವಳು ಎದುರಿಗೆ, ಒಗೆದು ಮಡಚಿಟ್ಟಿದ್ದ ಅಂಗಿ ಹಾಕಿಕೊಂಡು ಬಂದಿದ್ದಳು, ಮಡಿಕೆಯ ಗೆರೆಗಳು ಹಾಗೇ ಇದ್ದವು. ಬಾಲನನ್ನು ಹೊರಗೆ ಕೂರಿಸಿದ್ದರು. ಅವನಿಗೆ ಕೇಳಿಸಲಿ ಅಂತ ಅವಳು ಎಲ್ಲದಕ್ಕೂ ಸ್ವಲ್ಪ ಜೋರಾಗಿಯೇ ಉತ್ತರ ಹೇಳುತ್ತಿದ್ದಳು.

ನೋಂದಣಿ ಅಧಿಕಾರಿ ಕೆಟ್ಟವರಲ್ಲ. ಫಾರಂ ನನ್ನ ಕಡೆ ತಿರುಗಿಸಿ ಕೇಳಿದರು. "ಮೇಡಂ, ಇದು ನಿಮ್ಮ ಕೈಬರಹ. ಮಗು ಹೇಳಿದ್ದು ಅಂತ ಗುರುತಿದೆ. ನಿಮಗೆ ನೆನಪಿದೆಯಾ? ಒಂದು ವೇಳೆ ನಿಮ್ಮ ಕಡೆಯಿಂದ ಏನಾದ್ರೂ ಆಗಿದ್ರೆ ಈಗಲೇ ಹೇಳಿ, ಇಲ್ಲೇ ತಿದ್ದಿ ಮುಗಿಸೋಣ."

ಇದಕ್ಕಿಂತ ಸುಲಭ ಮಾಡಿಕೊಡಲು ಯಾರಿಗೂ ಸಾಧ್ಯವಿರಲಿಲ್ಲ. ನಿರ್ದೇಶಕರು ಕೈಗಡಿಯಾರ ನೋಡಿಕೊಂಡರು.

"ಆ ವಾರ ಇನ್ನೂರು ಮಕ್ಕಳು ಬಂದಿದ್ವು," ಅಂದೆ. "ಖಚಿತವಾಗಿ ನೆನಪಿಲ್ಲ."

ಹುಡುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಬಾಲ ಮಗ್ಗಿ ತಪ್ಪಿದಾಗ ನೋಡುತ್ತಾಳಲ್ಲ, ಹಾಗೆ. ಆಮೇಲೆ ಅವರ ಕಡೆ ತಿರುಗಿ ಅದೇ ಜೋರು ದನಿಯಲ್ಲಿ ಹೇಳಿದಳು, "ನಾನೇ ಹೇಳಿದ್ದು ಸರ್. ಹದಿನಾರು ಅಂತ ನಾನೇ ಸುಳ್ಳು ಹೇಳಿದೆ. ದೊಡ್ಡಮ್ಮಂದು ಏನೂ ತಪ್ಪಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಾದರು. ನಾನು ಮಾತಾಡಲಿ ಅಂತ ಕಾದರು ಅಂತ ಈಗ ಅನ್ನಿಸುತ್ತದೆ. ನಾನು ಮಾತಾಡಲಿಲ್ಲ. ಅವರು ಬರೆದುಕೊಂಡರು.

ಹೊರಗೆ ಬಂದಾಗ ಅವಳು ನನ್ನ ಕೈ ಎಳೆದು ಪಕ್ಕಕ್ಕೆ ಕರೆದುಕೊಂಡು ಹೋದಳು. "ನಿಮ್ಮ ಕೆಲಸ ಹೋಗಿಬಿಟ್ರೆ ನಮ್ಮನ್ನ ಇಲ್ಲಿ ಇಟ್ಕೊಳ್ಳೋರು ಯಾರು? ಅದಕ್ಕೇ ಹಾಗಂದೆ. ಸರಿಯಾಗಿ ಹೇಳಿದ್ನಾ?"

ಅವಳಿಗೆ ಗೊತ್ತಿರಲಿಲ್ಲ. ತಾನು ಹೇಳಿದ ಮಾತೇ ತನ್ನನ್ನು ಕಳಿಸುತ್ತದೆ ಅಂತ ಗೊತ್ತಿರಲಿಲ್ಲ. ಗೊತ್ತುಮಾಡಬೇಕಾದವಳು ನಾನು.

"ಸರಿಯಾಗಿ ಹೇಳಿದೆ," ಅಂದೆ.

ಅಯ್ಯೋ ದೇವರೇ. ಸರಿಯಾಗಿ ಹೇಳಿದೆ ಅಂದುಬಿಟ್ಟೆ.

ಡಿಸೆಂಬರ್ ೨೩, ಮಂಗಳವಾರ

ತಲೆನೋವು. ಕಚೇರಿಗೆ ಹೋಗಲಿಲ್ಲ. ಅರ್ಜಿ ವಜಾ ಆಗಿದೆ ಅಂತ ಫೋನಿನಲ್ಲಿ ತಿಳಿಸಿದರು.

ಡಿಸೆಂಬರ್ ೨೯, ಸೋಮವಾರ

ಅವಳಿಗೆ ನಾನೇ ಹೋಗಿ ಹೇಳಬೇಕಿತ್ತು. ಸಾಲಿನ ಮೇಲ್ವಿಚಾರಕಿಯ ಕೈಯಲ್ಲಿ ಹೇಳಿಸಿದೆ. ಅದು ಅವಳ ಕೆಲಸವೇ. ಎಲ್ಲಾ ಹದಿನೇಳು ಕೋಣೆಗಳಿಗೂ ಅವಳೇ ಹೇಳಿದ್ದು, ಇದೊಂದಕ್ಕೆ ನಾನು ಹೋದರೆ ಚೆನ್ನಾಗಿರುವುದಿಲ್ಲ.

ಹೇಗೆ ತಗೊಂಡಳು ಅಂತ ಕೇಳಿದೆ. "ಮೇಡಂ, ತಮ್ಮನಿಗೆ ಬೂಟಿನ ಲೇಸು ಕಟ್ಟೋದು ಹೇಳಿಕೊಡ್ತಾ ಇದ್ಳು. ಅದನ್ನೇ ಹೇಳಿಕೊಡ್ತಾ ಹೋದ್ಳು."

ಜನವರಿ ೧, ಗುರುವಾರ

ಎಂಟಕ್ಕೆ ಎರಡು ಬಸ್ಸು ಬಂದು ನಿಂತವು. ಹುಟ್ಟುಹಬ್ಬ ಏಳಕ್ಕೇ ಇಟ್ಟಿದ್ದೆವು. ಬಲೂನು ಕಟ್ಟಿದ್ದೆವು. ಚಿಕ್ಕವರು ಬಂದು ಕೇಕು ತಿಂದರು, ಅರವತ್ತೊಂದು ಮಂದಿಯಲ್ಲಿ ಐದೋ ಆರೋ ಬಂದರು. ಫೋಟೋಗೆ ಅಷ್ಟೇ ಸಾಕಾಯಿತು.

ನಾನು ಶಿಬಿರದ ಕಚೇರಿ ಇರುವ ಕಂಟೈನರಿನ ಒಳಗಿನಿಂದ ನೋಡಿದೆ. ಪಟ್ಟಿಯಲ್ಲಿ ಗುರುತು ಹಾಕಲು ಯಾರಾದರೂ ಒಳಗೆ ಇರಬೇಕಿತ್ತು. ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಬಾಲ ಕೆಳಗೆ ಬಡಗಿಯ ಹೆಂಡತಿಯ ಕೈ ಹಿಡಿದುಕೊಂಡು ನಿಂತಿದ್ದ. ಅಳುತ್ತಿರಲಿಲ್ಲ. ಅವಳು ಕಿಟಕಿಯ ಗಾಜು ಸರಿಸಿ ಹಾಡಲು ಶುರು ಮಾಡಿದಳು. ಅದೇ, ಶೌಚದ ಹೊರಗೆ ನಿಂತು ಹಾಡುವ ಹಾಡು ಇರಬೇಕು. ಬಸ್ಸು ಹೊರಟ ಮೇಲೂ ಹಾಡುತ್ತಲೇ ಇದ್ದಳು. ಗೇಟು ದಾಟಿ ತಿರುವಿನ ತನಕ ಕೇಳಿಸಿತು. ಹಾಡಿನ ದನಿ ನಿಂತಾಗ ಬಾಲ ಕೈ ಕಿತ್ತುಕೊಂಡು ಓಡಿದ. ಕಾವಲುಗಾರ ಹಿಡಿದ. ಆ ಹುಡುಗ ಕೂಗಿದ ಕೂಗು, ನಾನು ಇಪ್ಪತ್ತೆರಡು ವರ್ಷ ಈ ಕೆಲಸದಲ್ಲಿದ್ದೇನೆ, ಅಂಥದ್ದನ್ನು ಕೇಳಿರಲಿಲ್ಲ.

ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ನಮ್ಮವರು ಹೊರಗೆ ನಿಂತಿದ್ದರು. ಬಾ ಅನ್ನಲಿಲ್ಲ, ಹೋಗಲೂ ಇಲ್ಲ.

ಜನವರಿ ೪, ಭಾನುವಾರ

ಬರೆದೆ. ಹತ್ತು ನಿಮಿಷ ಹಿಡಿಯಿತು. ಅವಳು ಹದಿನಾಲ್ಕು ಅಂದಳು. ನಾನು ಹದಿನಾರು ಬರೆದೆ. ವಿಚಾರಣೆಯ ದಿನ ನೆನಪಿಲ್ಲ ಅಂದದ್ದು ಸುಳ್ಳು. ಹುಡುಗಿ ನನ್ನನ್ನು ಉಳಿಸಲು ತಪ್ಪು ಒಪ್ಪಿಕೊಂಡಳು. ಯಾವ ಕ್ರಮಕ್ಕೂ ನಾನು ಸಿದ್ಧ.

ಸಹಿ ಹಾಕಿದೆ. ಎರಡು ತಿಂಗಳು ಇದನ್ನು ಮಾಡದೆ ಏನು ಮಾಡುತ್ತಿದ್ದೆ?

ಜನವರಿ ೬, ಮಂಗಳವಾರ

ನಿರ್ದೇಶಕರು ಎರಡು ಸಲ ಓದಿದರು. ಬಾಗಿಲು ಹಾಕಿಬಂದು ಕೂತರು. ಬೈಯುತ್ತಾರೆ ಅಂತ ಬೆನ್ನು ಗಟ್ಟಿಮಾಡಿಕೊಂಡು ಕೂತಿದ್ದೆ. ಅವರ ಕಣ್ಣಲ್ಲಿ ನೀರು.

"ನಿಮ್ಮ ಸ್ವಭಾವ ನನಗೆ ಗೊತ್ತಿಲ್ವಾ," ಅಂದರು. "ಆ ಹುಡುಗೀನ ವಾಪಸ್ ಕರೆಸೋಕೆ ತಪ್ಪನ್ನ ನಿಮ್ಮ ಮೈಮೇಲೆ ಎಳ್ಕೊಳ್ತಾ ಇದ್ದೀರಿ."

"ಇಲ್ಲ ಸರ್. ಇದು ನಿಜ."

"ವಯಸ್ಸು ತಿದ್ದಿದ ಅಂತ ಒಬ್ಬನನ್ನ ಮನೆಗೆ ಕಳಿಸಿದವರು ನೀವು. ಎಲ್ಲರ ಮುಂದೆ. ನೀವು ಹೀಗೆ ಮಾಡಿದ್ರಿ ಅಂದ್ರೆ ಯಾರು ನಂಬ್ತಾರೆ?"

"ನಿಜ ಸರ್, ನಾನೇ ಬರೆದೆ."

"ಹಾಗಿದ್ರೆ ವಿಚಾರಣೆ ದಿನ ಅವರು ನೇರವಾಗೇ ಕೇಳಿದ್ರಲ್ಲ. ನಾನೂ ಅಲ್ಲೇ ಇದ್ದೆ. ಯಾಕೆ ಹೇಳ್ಲಿಲ್ಲ?"

ಇದಕ್ಕೆ ಉತ್ತರ ಇತ್ತು. ಹೆದರಿಕೆ ಅಂತ ಒಂದೇ ಮಾತು. ಅದು ಬಾಯಿಂದ ಹೊರಡಲಿಲ್ಲ. ನಾನು ಸುಮ್ಮನಿದ್ದದ್ದನ್ನು ನೋಡಿ ಅವರು ಗೆದ್ದವರ ಹಾಗೆ ತಲೆಯಾಡಿಸಿದರು. "ನೋಡಿ. ನಿಮಗೆ ಸುಳ್ಳು ಹೇಳೋಕೇ ಬರಲ್ಲ. ಹುಡುಗಿ ತಾನಾಗಿ ಒಪ್ಪಿಕೊಂಡಿದ್ದು ದಾಖಲೆಯಲ್ಲಿದೆ, ಇದರಿಂದ ಅವಳಿಗೇನೂ ಆಗಲ್ಲ, ನಿಮ್ಮ ಹೆಸರು ಮಾತ್ರ ಹಾಳು. ಇಷ್ಟು ಒಳ್ಳೆಯವರಾಗಬಾರದು ಮೇಡಂ." ಪತ್ರವನ್ನು ನೀಟಾಗಿ ಮಡಚಿ ನನ್ನ ಕಡೆ ಸರಿಸಿದರು.

ಅದನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ನೋಂದಣಿ ಅಧಿಕಾರಿಗೆ ನೇರವಾಗಿ ಕಳಿಸಬಹುದಿತ್ತು, ಅವರಂತೂ ಅವತ್ತೇ ಕಾದಿದ್ದರು. ತೆಗೆದುಕೊಂಡು ಪರ್ಸಿಗೆ ಹಾಕಿಕೊಂಡೆ. ಮೆಟ್ಟಿಲು ಇಳಿಯುವಾಗ ಮೈ ಹಗುರವಾಗಿತ್ತು. ನನ್ನ ಕೈಲಾದದ್ದನ್ನು ನಾನು ಮಾಡಿದೆ. ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ, ಎಷ್ಟೋ ದಿನದ ಮೇಲೆ.

ಜನವರಿ ೧೧, ಭಾನುವಾರ

ಬೆಳಗ್ಗೆ ಹತ್ತಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನು. ಅವಳು. ಆ ಶಿಬಿರದ ಯಾರದೋ ಫೋನು ಬೇಡಿ ತೆಗೆದುಕೊಂಡಿದ್ದಾಳೆ, ಐದು ನಿಮಿಷ ಕೊಟ್ಟಿದ್ದಾರಂತೆ.

"ದೊಡ್ಡಮ್ಮ, ಬಾಲ ಹೇಗಿದ್ದಾನೆ?"

"ಚೆನ್ನಾಗಿದ್ದಾನೆ. ಒಳ್ಳೆ ಮನೆ. ದೊಡ್ಡ ಹಿತ್ತಿಲಿದೆ. ಆ ಬಡಗಿ ಅವನಿಗೊಂದು ಮರದ ಗಾಡಿ ಮಾಡಿಕೊಟ್ಟಿದ್ದಾರೆ. ಅವರ ಹೆಂಡತಿ ತುಂಬಾ ಒಳ್ಳೆಯವರು."

"ಮಾತಾಡ್ತಾನಾ?"

ಅವನು ಹೋದ ದಿನದಿಂದ ಒಂದು ಮಾತೂ ಆಡಿಲ್ಲ. ಬಡಗಿಯ ಹೆಂಡತಿ ನಿನ್ನೆ ಫೋನು ಮಾಡಿ ಅತ್ತಿದ್ದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳಿಗೆ ಗೊತ್ತಾಗಿಹೋಯಿತು.

"ಇಲ್ಲ ಅಲ್ವಾ," ಅಂದಳು. ಆಮೇಲೆ ಯಾರೋ ಕೇಳಿಸಿಕೊಳ್ಳಬಾರದು ಅನ್ನುವ ಹಾಗೆ ದನಿ ತಗ್ಗಿಸಿದಳು. "ದೊಡ್ಡಮ್ಮ, ನಾನಿಲ್ಲಿ ವಿಚಾರಿಸ್ದೆ. ಇಪ್ಪತ್ತೊಂದಾಗಿದ್ರೆ ತಮ್ಮನ್ನ ಕೊಡ್ತಾರಂತೆ. ಕೆಲಸ ಇರ್ಬೇಕಂತೆ, ಬಟ್ಟೆ ಹೊಲಿಯೋ ಕಡೆ ಕೇಳಿದೀನಿ, ಬಾ ಅಂದಿದ್ದಾರೆ. ನೀವು ಇಪ್ಪತ್ತೊಂದು ಅಂತ ಬರೆದುಬಿಡಿ."

"ಏನು?"

"ಇನ್ನೊಂದು ಮೂರು ವರ್ಷ ಜಾಸ್ತಿ ಬರೀರಿ. ನಾನು ಎತ್ತರ ಇದ್ದೀನಲ್ಲ, ಯಾರಿಗೂ ಗೊತ್ತಾಗಲ್ಲ. ಕೇಳಿದ್ರೆ ನಾನೇ ಹೇಳಿದ್ದು ಅಂತೀನಿ. ನಿಮ್ಮ ಹೆಸರು ಎತ್ತಲ್ಲ, ಅವತ್ತೂ ಎತ್ತಲಿಲ್ಲ ಅಲ್ವಾ?"

ಹದಿನಾರು ವರ್ಷದ ಹುಡುಗಿ. ಬಿಕ್ಕಿ ಅಳಬೇಕಿತ್ತು ನಾನು. ಅಳು ಬರಲಿಲ್ಲ, ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿದೆ. ಯಾರಾದರೂ ಈ ಮಾತು ಕೇಳಿಸಿಕೊಂಡರೆ ಅನ್ನಿಸಿತು, ಅದೂ ಅವಳ ಪಕ್ಕದಲ್ಲಿರುವವರ ಫೋನಿನಲ್ಲಿ.

"ಅದೆಲ್ಲ ಆಗಲ್ಲಮ್ಮ," ಅಂದೆ.

"ಯಾಕಾಗಲ್ಲ? ಅವತ್ತು ಬರೆದ್ರಲ್ಲ. ನಾನು ಕೇಳೇ ಇರಲಿಲ್ಲ, ನೀವಾಗೇ ಬರೆದ್ರಿ."

"ಅವತ್ತಿನ ವಿಷಯ ಬೇರೆ. ನಿಯಮ ಅಂತ ಒಂದಿದೆ. ಅರ್ಜಿದಾರರು ಇಂಥ ವಿಷಯವನ್ನ ಫೋನಲ್ಲಿ ಮಾತಾಡಬಾರದು, ಅಲ್ಲಿನ ಕಚೇರಿಗೆ ಲಿಖಿತದಲ್ಲಿ ಕೊಡಬೇಕು."

ಆ ಕಡೆ ಹಿಂದೆ ಯಾರೋ ಫೋನು ವಾಪಸ್ ಕೇಳುತ್ತಿದ್ದರು. ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಆಯ್ತು ಮೇಡಂ," ಅಂದು ಇಟ್ಟಳು.